ತಪ್ಪಿ ಅಚ್ಚಾದ ಐದನೇ ಅಧ್ಯಾಯ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮಾವನ ಅಂಗಡಿಯಲ್ಲಿ ಪೈಪು, ನಲ್ಲಿ ಎತ್ತಿಡುವಾಗ ಸೊಂಟ ಜೋಪಾನ. ಪೆನ್ನಿಗಿಂತ ಭಾರವಾದದ್ದನ್ನು ನೀನು ಎತ್ತಿದ್ದು ನಾನಂತೂ ಕಂಡಿಲ್ಲ. ಅತ್ತೆ ಫೋನಿನಲ್ಲಿ, “ಹುಡುಗ ಊಟ ಮಾಡ್ತಾನೆ, ಮಾತಾಡಲ್ಲ” ಎಂದಾಗಿನಿಂದ ನನಗೂ ಅನ್ನ ಸೇರುತ್ತಿಲ್ಲ. ಕಲಾವಿಮರ್ಶಕರನ್ನು ಅಣಕಿಸುವ ನಿನ್ನ ಕಾದಂಬರಿಯನ್ನು ಒಬ್ಬ ಪ್ರಕಾಶಕಿ “ತೀರಾ ಅತಿರೇಕ, ಕಲಾಲೋಕದಲ್ಲಿ ಯಾರೂ ಹೀಗೆ ಬರೆಯಲ್ಲ” ಎಂದು ಹಿಂದಿರುಗಿಸಿದರೆ, ಕೊನೆಯ ಅಧ್ಯಾಯ ಬಾಕಿಯಿರುವಾಗಲೇ ಬರೆಯುವುದನ್ನೇ ಬಿಡುವುದೇನೋ? ಅಳಿಸಿಹಾಕು ಎಂದು ಹೇಳಿ ನೀನು ಹೋದೆ. ನಾನು ಅಳಿಸಲಿಲ್ಲ. ನಾನು ಕೆಲಸ ಮಾಡುವ ಚಿತ್ರ ಗ್ಯಾಲರಿಯ ಕಂಪ್ಯೂಟರಿನಲ್ಲಿಟ್ಟುಕೊಂಡು ಊಟದ ಬಿಡುವಿನಲ್ಲಿ ಓದಿ ನಗುತ್ತಿದ್ದೆ. ಆಗಿದ್ದೆಲ್ಲ ಅದರಿಂದಲೇ.

ನಮ್ಮಲ್ಲಿ ಪ್ರತಿ ಪ್ರದರ್ಶನದ ಪುಸ್ತಿಕೆಗೂ ಮುನ್ನುಡಿ ಬರೆಯುವ ವಿಮರ್ಶಕರು ಗೊತ್ತಲ್ಲ, ನೀನು ‘ಕನ್ನಡಕ’ ಎನ್ನುವವರು? ಅವರ ಮುನ್ನುಡಿಯನ್ನು ಅಚ್ಚಿಗೆ ಮುಂಚೆ ಯಾರೂ ಓದುವುದಿಲ್ಲ. ಎರಡು ಪುಟ ತುಂಬಿದೆಯೇ ಎಂದು ಮಾಲೀಕರು ನೋಡುತ್ತಾರೆ, ಅಷ್ಟೇ. ಈ ಸಲ ಅವಸರದಲ್ಲಿ ಅವರ ಮುನ್ನುಡಿಯ ಬದಲು ನಿನ್ನ ಐದನೇ ಅಧ್ಯಾಯವನ್ನು ಅಚ್ಚಿಗೆ ಕಳಿಸಿಬಿಟ್ಟೆ. ಅದೇ, ಮಗುಚಿಬಿದ್ದ ಬಣ್ಣದ ಡಬ್ಬದ ಬಗ್ಗೆ ನಿನ್ನ ವಿಮರ್ಶಕ ಬರೆಯುವ ಲೇಖನ! ಪ್ರದರ್ಶನವೋ, ತಲೆದಿಂಬಿನ ಚಿತ್ರಗಳದ್ದು.

ಉದ್ಘಾಟನೆಯ ದಿನ ಪುಸ್ತಿಕೆ ಬಿಚ್ಚಿದಾಗಲೇ ನನಗೆ ಗೊತ್ತಾಗಿದ್ದು. ಕೆಲಸ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಚಿತ್ರ ಬರೆದ ಹುಡುಗಿ, “ನನ್ನ ಚಿತ್ರದಲ್ಲಿ ಡಬ್ಬ ಎಲ್ಲಿದೆ ಸಾರ್?” ಎಂದು ಮಾಲೀಕರನ್ನು ಕೇಳಿದಳು. “ಕಾಣಲ್ಲ ಅಲ್ವಾ? ಅದೇ ನೋಡಮ್ಮ ಅದರ ಶಕ್ತಿ!” ಎಂದರು ಆ ಮಹಾನುಭಾವರು. ಜನ ಗೋಡೆಗೆ ಒರಗಿ, “ಚೆಲ್ಲಿದ ಬಣ್ಣ ಚೆಲ್ಲಿಲ್ಲ, ನೆಲವೇ ಅದರ ಕಡೆಗೆ ಏರಿದೆ” ಎಂಬ ನಿನ್ನ ಸಾಲನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಕೊನೆಗೆ ಕನ್ನಡಕದವರೇ ಬಂದರು. ನಿಂತಲ್ಲೇ ಪೂರ್ತಿ ಓದಿ, ಕಣ್ಣೊರೆಸಿಕೊಂಡು, “ಬರೆಯುವಾಗ ನನಗೇ ಇಷ್ಟು ಆಳ ಗೊತ್ತಾಗಿರಲಿಲ್ಲ” ಎಂದರು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಈ ಪುಣ್ಯಾತ್ಮರು ಅದನ್ನೂ ಮಾಡಲಿಲ್ಲ. ಅವರ ಖುಷಿ ನೋಡಿ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಆದರೆ ಅಲ್ಲಿಗೆ ಬಂದಿದ್ದ ಇನ್ನೊಬ್ಬರು ಯಾರು ಗೊತ್ತೇ? ನಿನ್ನ ಪ್ರಕಾಶಕಿ. ನನ್ನ ಬಳಿ ಬಂದು, “ಈ ವಿಮರ್ಶಕರಿಂದ ಒಂದು ಪುಸ್ತಕ ಬರೆಸಬೇಕು, ನಂಬರ್ ಕೊಡಿ” ಎಂದರು. ತಡೆಯಲಾಗಲಿಲ್ಲ ಕಣೋ. ಚೌಕಟ್ಟುಗಳ ಕೋಣೆಗೆ ಕರೆದೊಯ್ದು ಎಲ್ಲ ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು; ಮೂರನೇ ಅಧ್ಯಾಯಕ್ಕೇ ಓದು ನಿಲ್ಲಿಸಿದ್ದರಂತೆ. ಆಮೇಲೆ ಮರದ ಪೆಟ್ಟಿಗೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅತಿರೇಕ ಅಂದಿದ್ದು ವಾಪಸ್ ತಗೊಂಡೆ. ಕೊನೇ ಅಧ್ಯಾಯ ಬರೆಸಿಕೊಡಿ, ಪುಸ್ತಕ ಮಾಡ್ತೀನಿ” ಎಂದರು. ನನಗೆ ಅಳುವೇ ಬಂತು. ನೀನು ಬರೆದದ್ದು ಸುಳ್ಳಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಈಗ ಊರೇ ಅದನ್ನು ನಿಜ ಮಾಡಿ ತೋರಿಸಿತು, ಊರಿಗೆ ಅದು ಗೊತ್ತಿಲ್ಲ ಅಷ್ಟೇ.

ಮಾವ, ಅತ್ತೆಗೆ ನಮಸ್ಕಾರ ಹೇಳು. ನಿನ್ನ ಕೈಗೆ ಒಳ್ಳೆಯದಾಗಲಿ ಎಂದು ಹರಸುವ,

ನಿನ್ನ ಅಕ್ಕ

ಮರೆತಿದ್ದೆ: ಕನ್ನಡಕದವರು ಈಗಷ್ಟೇ ಫೋನ್ ಮಾಡಿದ್ದರು. ತಮ್ಮ ಮುಂದಿನ ಪುಸ್ತಕಕ್ಕೆ ಈ ಮುನ್ನುಡಿಯೇ ಮೊದಲ ಲೇಖನವಂತೆ. ಅದು ಮೊದಲು ಹೊರಬಂದರೆ ನೀನೇ ಅವರಿಂದ ಕದ್ದೆ ಎನ್ನುತ್ತಾರೆ ಜನ. ಕಾಗದ ಸಿಕ್ಕ ಕೂಡಲೇ ಪೈಪು ಕೆಳಗಿಟ್ಟು ಹೊರಡು.