ಬೆಳ್ಳಿಯ ಉಸಿರಿನ ದಾರಿ

ನಜರ್‌ಬಾದ್, ಮೈಸೂರು
೧೪ ನವೆಂಬರ್ ೨೦೨೪

ಪ್ರೀತಿಯ ತಮ್ಮ ದಿಲೀಪನಿಗೆ ಅಣ್ಣನ ಆಶೀರ್ವಾದಗಳು.

ಪುಣೆಯಲ್ಲಿ ಆರೋಗ್ಯವಾಗಿದ್ದೀಯ? ಅಲ್ಲಿನ ಲಾಯದವರು ಹೊಟ್ಟೆ ತುಂಬ ಊಟ ಹಾಕುತ್ತಾರೋ, ಚಪಾತಿ ತಿಂದು ತಿಂದು ಮುದ್ದೆ ನುಂಗುವುದನ್ನೇ ಮರೆತೆಯೋ? ಅತ್ತಿಗೆ ಯಶೋಧಾ ದಿನಾ ಕೇಳುತ್ತಾಳೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಬೆಳ್ಳಿಯ ಸಮಾಚಾರ ಹೇಳಲೇಬೇಕು. ಬೆವರು ಆರುವ ಮೊದಲೇ ನೀನು ತಣ್ಣೀರು ಹುಯ್ದದ್ದರಿಂದಲೇ ಕುದುರೆಗೆ ಕೆಮ್ಮು ಬಂತೆಂದು ಟ್ರೇನರ್ ನಿನ್ನನ್ನು ಕೆಲಸದಿಂದ ಬಿಡಿಸಿದರಲ್ಲ, ನೀನು ಹೋಗಿ ಎರಡು ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ. ಓಡಿ ಬಂದರೆ ಸಾಕು, ಕತ್ತು ಚಾಚಿ ಕೆಮ್ಮುತ್ತಿತ್ತು. ಕೊನೆಗೆ ಹೋದ ತಿಂಗಳು ಡಾಕ್ಟರ್ ಲಹರಿ ಮೇಡಂ ಬಂದು ಮೂಗಿನಿಂದ ಕ್ಯಾಮೆರಾದ ಕೊಳವೆ ಇಳಿಸಿದರು. ನಾನು ತಲೆ ಹಿಡಿದು ನಿಂತಿದ್ದೆ, ಪರದೆ ಕಣ್ಣೆದುರೇ ಇತ್ತು. ದಿಲೀಪ, ಇಪ್ಪತ್ತೆರಡು ವರ್ಷ ಕುದುರೆಯ ಮೈ ತಿಕ್ಕಿದವನು ನಾನು. ಒಳಗೆ ಇಂಥದ್ದಿದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಗುಲಾಬಿ ಬಣ್ಣದ ಸುರಂಗ, ಬಳೆ ಜೋಡಿಸಿಟ್ಟ ಹಾಗೆ ಉಂಗುರದ ಹಿಂದೆ ಉಂಗುರ. ದೂರದಲ್ಲಿ ಅದು ಎರಡು ಕವಲಾಗುತ್ತದೆ. ಒಂದೊಂದು ಉಸಿರಿಗೂ ಮೆಲ್ಲನೆ ಅಲುಗುತ್ತಿತ್ತು. ಕೈ ಮುಗಿಯಬೇಕೆನಿಸಿತು, ಆದರೆ ಕೈಯಲ್ಲಿ ಹಗ್ಗವಿತ್ತು. ಅಂಥ ಚೆಂದದ ದಾರಿಯ ತಳದಲ್ಲಿ ಗಂಜಿಯಂಥ ಲೋಳೆ ನಿಂತಿತ್ತು.

ಅದನ್ನು ತೊಳೆದು ತೆಗೆದು ಲ್ಯಾಬಿಗೆ ಕಳಿಸಿದರು. ಸೋಂಕಿಲ್ಲ, ಬರೀ ಉರಿಯೂತ ಎಂದು ಬಂತು. ಮೇಡಂ ಮತ್ತೆ ಬಂದು ನನ್ನ ಕೆಲಸವನ್ನೇ ನೋಡುತ್ತಾ ನಿಂತರು. ನಾನು ಎಂದಿನಂತೆ ಒಣಹುಲ್ಲಿನ ಕಂತೆಯನ್ನು ಬೆಳ್ಳಿಯ ಮೂಗಿನ ಮುಂದೆಯೇ ಕೊಡವಿ, ಘಮ ತೋರಿಸಿ, ಗೋಡೆಗೆ ತೂಗುಹಾಕಿದ ಹುಲ್ಲಿನ ಬಲೆಗೆ ತುಂಬಿದೆ. ಕುದುರೆ ಒಳಗಿರುವಾಗಲೇ ಕಸ ಗುಡಿಸಿದೆ. ಅವರು ನನ್ನ ತೋಳು ಹಿಡಿದು, "ತಣ್ಣೀರಿಂದ ಹಿಂಗಾಗಲ್ಲ ಕಣ್ರೀ. ಈ ಧೂಳು, ಬೂಷ್ಟು, ಗಂಜಲದ ಘಾಟು, ಇವೇ ದಿನಾ ಒಳಗೆ ಹೋಗಿರೋದು" ಎಂದರು. ನಾನು ಮುದ್ದಿನಿಂದ ಮಾಡಿದ್ದೇ ಅದರ ಎದೆಗೆ ಹೋಗಿ ಕೂತಿತ್ತು. ಈಗ ಹುಲ್ಲು ನೆನೆಸಿ ನೆಲದ ಮೇಲೆ ಇಡುತ್ತೇನೆ, ಕುದುರೆಯನ್ನು ಹೊರಗೆ ಕಟ್ಟಿ ಗುಡಿಸುತ್ತೇನೆ. ಕೆಮ್ಮು ಬಹಳ ಇಳಿದಿದೆ.

ತಾಯಿ ಚಾಮುಂಡಿ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಣ್ಣ,
ರುದ್ರಸ್ವಾಮಿ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ನೀನು ತಣ್ಣೀರು ಹುಯ್ದದ್ದನ್ನು ಟ್ರೇನರಿಗೆ ಹೇಳಿದವನು ನಾನೇ ಕಣೋ. ನೀನು ಬೇರೆಯವರ ಮೇಲೆ ಅನುಮಾನಪಟ್ಟಾಗಲೂ ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲರೆದುರು ತಪ್ಪು ನನ್ನದೆಂದು ಒಪ್ಪಿಕೊಂಡೆ. ನಿನ್ನನ್ನು ವಾಪಸ್ ಕರೆಸಲು ಟ್ರೇನರ್ ಹೇಳಿದ್ದಾರೆ. ನನ್ನನ್ನು ಬಯ್ಯುವುದಕ್ಕಾದರೂ ಬಾ.