ಮೂಗು ಹಿಡಿದ ತಪ್ಪಿಗೆ

ಜಿಲ್ಲೆಯ ಮಕ್ಕಳ ಶಿಸ್ತಿಗೆ ಹೊಣೆಯಾದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಮಾನ್ಯರೇ,

ಒಂದು ಮಾತನ್ನು ಈ ಪತ್ರದಿಂದ ಬಿಟ್ಟುಬಿಡೋಣವೆಂದು ಕೊನೆಯವರೆಗೂ ಯೋಚಿಸಿದೆ. ಆ ದಿನ ತರಗತಿಯಲ್ಲಿ ಪೆಟ್ಟು ತಿಂದ ಹುಡುಗರಲ್ಲಿ ನನ್ನ ಮಗನೂ ಒಬ್ಬ. ಇದನ್ನು ಹೇಳದಿದ್ದರೆ ನಾನು ಯಾರ ಪಕ್ಷಕ್ಕೂ ಸೇರದ, ನ್ಯಾಯವನ್ನಷ್ಟೇ ಕೇಳುವ ಹೆಂಗಸಾಗಿ ಕಾಣುತ್ತಿದ್ದೆ. ಹಾಗೆ ಕಾಣುವ ಆಸೆ ನನಗೂ ಇದೆ. ಆದರೆ ನೀವು ಹೊರಡಿಸಿದ ಹುಕುಂ ಯಾವ ಮನೆಗಳ ಮಾನ ಉಳಿಸಲು ಹೊರಟಿತೋ ಅವುಗಳಲ್ಲಿ ನನ್ನ ಮನೆಯೂ ಒಂದು. ಆದ್ದರಿಂದ ಮೊದಲಿಗೇ ತಿಳಿಸುತ್ತೇನೆ: ನಮ್ಮ ಮಾನಕ್ಕೆ ಏನೂ ಆಗಿಲ್ಲ. ಅದರ ಹೆಸರಿನಲ್ಲಿ ಚಿಕ್ಕನಂಜಮ್ಮ ಎಂಬ ಹದಿನಾಲ್ಕು ವರ್ಷದ ಹುಡುಗಿಯನ್ನು ಶಾಲೆಯಿಂದ ಹೊರಹಾಕಿದ್ದೀರಿ. ಹೀಗೆ ಹೊರಬಿದ್ದವರನ್ನು ಬೇರೆ ಯಾವ ಸರ್ಕಾರಿ ಶಾಲೆಯೂ ಸೇರಿಸಿಕೊಳ್ಳುವಂತಿಲ್ಲ. ಮಾರ್ಚಿಯಲ್ಲಿ ಲೋವರ್ ಸೆಕೆಂಡರಿ ಪರೀಕ್ಷೆ ಇದೆ. ಅವಳ ಕೇರಿಯಿಂದ ಆ ಪರೀಕ್ಷೆಗೆ ಕೂರಬೇಕಾಗಿದ್ದ ಮೊದಲನೆಯ ಹೆಣ್ಣು ಅವಳು. ಈಗ ಕೂರುವುದಿಲ್ಲ.

ಶಾಲೆಯ ಹೆಸರು ಬರೆಯುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿರುವ ಒಂದು ಮಿಡ್ಲ್ ಸ್ಕೂಲು ಎಂದರೆ ನಿಮಗೆ ಸಾಕು. ಪತ್ರಿಕೆಯಲ್ಲಿ ಇದನ್ನು ಓದುವ ಉಳಿದವರಿಗೆ ಯಾವ ಶಾಲೆ ಎಂದುಕೊಂಡರೂ ನಷ್ಟವಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಪದ್ಧತಿ ಎಲ್ಲ ಶಾಲೆಗಳಲ್ಲೂ ಇದೆ. ಮೇಷ್ಟ್ರು ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿಲ್ಲದವರು ಎದ್ದು ನಿಂತೇ ಇರುತ್ತಾರೆ. ಯಾರು ಸರಿಯಾಗಿ ಹೇಳುತ್ತಾರೋ ಅವರು ನಿಂತವರ ಸಾಲಿನ ಮುಂದೆ ನಡೆದುಹೋಗಿ, ಎಡಗೈಯಲ್ಲಿ ಒಬ್ಬೊಬ್ಬರ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಹೊಡೆಯಬೇಕು. ಮೇಷ್ಟ್ರ ಕೈಗೆ ಶ್ರಮವಿಲ್ಲ, ಮಕ್ಕಳಿಗೆ ಓದಿನಲ್ಲಿ ಆಸೆ ಹುಟ್ಟುತ್ತದೆ ಎನ್ನುತ್ತಾರೆ. ನಾನು ಓದಿದ್ದು ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ನಮ್ಮ ಅಂಗೈಗೆ ಹೊಡೆಯುತ್ತಿದ್ದವರು ಸನ್ಯಾಸಿನಿಯರು. ಪೆಟ್ಟು ತಿಂದ ಮೇಲೆ ನಾವು ಧನ್ಯವಾದ ಹೇಳಬೇಕಿತ್ತು. ಆದ್ದರಿಂದ ಅದು ನಾಗರಿಕತೆ, ಇದು ಅನಾಗರಿಕತೆ ಎಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮ ಶಾಲೆಯಲ್ಲಿ ಈ ಪದ್ಧತಿಗೆ ಒಂದು ಚಿಕ್ಕ ತಿದ್ದುಪಡಿ ಇತ್ತು. ಚಿಕ್ಕನಂಜಮ್ಮ ಆದಿಕರ್ನಾಟಕರ ಕೇರಿಯವಳು. ಅವಳಿಗೆ ಉತ್ತರ ಬಾರದಿದ್ದಾಗ ಹುಡುಗರು ಅವಳ ಮೂಗು ಮುಟ್ಟುತ್ತಿರಲಿಲ್ಲ. ಮೇಷ್ಟ್ರ ಮೇಜಿನ ಮೇಲಿನ ರೂಲುದೊಣ್ಣೆ ತೆಗೆದುಕೊಂಡು ಅವಳ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಅವಳಿಗೆ ಉತ್ತರ ಬಂದಾಗ ಮೇಷ್ಟ್ರು, "ಸರಿ, ಕೂತ್ಕೊ" ಎಂದು ಅವಳನ್ನು ಕೂರಿಸಿ, ಅವಳ ಪರವಾಗಿ ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಹೊಡೆಯಲು ಕಳಿಸುತ್ತಿದ್ದರು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಬಂದ ಉತ್ತರಕ್ಕೆ ನನ್ನ ಮಗ ಎಷ್ಟೋ ಸಲ ಹೊಡೆದುಬಂದಿದ್ದಾನಂತೆ. ಅದೇ ಕೈಯಲ್ಲಿ ರೂಲುದೊಣ್ಣೆ ಹಿಡಿದು ಅವಳಿಗೂ ಹೊಡೆದಿದ್ದಾನೆ. ಕೇಳಿದಾಗ ಮುಚ್ಚಿಡದೆ ಹೇಳಿದ. ಮುಚ್ಚಿಡಬೇಕಾದ ವಿಷಯ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ಜನವರಿಯಲ್ಲಿ ಚನ್ನಪಟ್ಟಣದ ಕಡೆಯಿಂದ ನಜೀರ್ ಅಹ್ಮದ್ ಎಂಬ ಮೇಷ್ಟ್ರು ಈ ಶಾಲೆಗೆ ಬಂದರು. ಇನ್ನೂ ಕಾಯಂ ಆಗದವರು. ಪದ್ಧತಿ ಅವರಿಗೆ ಗೊತ್ತಿತ್ತು, ತಿದ್ದುಪಡಿ ಗೊತ್ತಿರಲಿಲ್ಲ. ಭೂಗೋಳದ ಪಾಠದಲ್ಲಿ ಶಿಂಷಾ ಹೊಳೆ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಹುಟ್ಟಿದಾಗಿನಿಂದ ಆ ಹೊಳೆಯಲ್ಲಿ ಈಜುತ್ತಿರುವ ಹುಡುಗರೆಲ್ಲ ಎದ್ದು ನಿಂತರು. ನನ್ನ ಮಗ "ಮದ್ದೂರ್ ಸೇತ್ವೆ ತಾವ ಸಾ" ಎಂದನಂತೆ. ಹಿಂದಿನ ಸಾಲಿನಿಂದಾಚೆ ಗೋಡೆಯ ಪಕ್ಕ ಒಬ್ಬಳೇ ಕೂರುವ ನಂಜಮ್ಮ ಮಾತ್ರ, "ದೇವರಾಯನದುರ್ಗದ ಬೆಟ್ಟದಲ್ಲಿ" ಎಂದಳು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. "ಭೇಷ್. ಹೋಗಮ್ಮ, ಎಲ್ಲರಿಗೂ ಮೂಗು ಹಿಡಿದು ಒಂದೊಂದು ಕೊಡು" ಎಂದರು.

"ಬ್ಯಾಡಿ ಸಾ" ಎಂದಳು ಅವಳು.

ಅವರು ಅದನ್ನು ನಾಚಿಕೆ ಎಂದುಕೊಂಡರು. ಹೋಗದಿದ್ದರೆ ಹೇಳಿದ ಮಾತು ಕೇಳದ ತಪ್ಪಿಗೆ ನಿನಗೇ ಬೀಳುತ್ತದೆ ಎಂದು ಗದರಿಸಿದರು. ಒಬ್ಬ ಹುಡುಗನೂ ಬಾಯಿಬಿಟ್ಟು ಮೇಷ್ಟ್ರಿಗೆ ವಿಷಯ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಆ ಮಾತನ್ನು ಬಾಯಿಬಿಟ್ಟು ಹೇಳಿದರೆ ಕೇಳಲು ಚೆನ್ನಾಗಿರುವುದಿಲ್ಲ ಎನ್ನುವುದು ಮಕ್ಕಳಿಗೂ ತಿಳಿಯುತ್ತದೆ. ಅವಳು ಎದ್ದು ಬಂದಳು. ಸಾಲಿನಲ್ಲಿ ಮೊದಲು ನಿಂತಿದ್ದವನು ಪಟೇಲರ ಮೊಮ್ಮಗ. ಅವಳ ಬೆರಳು ಅವನ ಮೂಗಿಗೆ ತಾಗಿತು, ಕೆನ್ನೆಗೂ ತಾಗಿತು. "ಹೊಡಿ ಅಂದರೆ ಸವರುತ್ತೀಯಲ್ಲ" ಎಂದು ಮೇಷ್ಟ್ರು ನಕ್ಕರು. ಬೇರೆ ಯಾರೂ ನಗಲಿಲ್ಲ.

ನನ್ನ ಮಗ ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ನಮ್ಮ ಅತ್ತೆ ಹೊಂಬಾಳಮ್ಮ ಹಿತ್ತಿಲ ಬಾವಿಯ ಹತ್ತಿರ ಕೊಡ ಹಿಡಿದು ಕಾಯುತ್ತಿದ್ದರು.

"ಅಲ್ಲೇ ನಿಂತ್ಕೊಳ್ಳಲಾ, ಒಳಿಕ್ ಬರ್ಬ್ಯಾಡ."

"ಮೆತ್ತುಗ್ ಒಡುದ್ಲು ಕಣಜ್ಜಿ, ನೋವೇ ಆಗ್ನಿಲ್ಲ."

"ನೋವ್ ಯಾರ್ ಕೇಳುದ್ರು ನಿನ್ನ? ಮೈಲ್ಗೆ ಕಣ್ಲಾ, ಬಗ್ಗು."

"ಮೊನ್ನೆ ಚಿಕ್ಕಬೋರಯ್ಯನ್ ಮಗ ಒಡ್ದು ತುಟಿ ಒಡ್ದೋಯ್ತಲ್ಲ, ಅವತ್ತ್ಯಾಕ್ ನೀರುಯ್ನಿಲ್ಲ?"

"ಅವ್ನು ಒಡುದ್ರೆ ರಕ್ತ ಬತ್ತದೆ ಅಷ್ಟೇ ಕಣ್ಲಾ. ಮುಚ್ಕೊಂಡ್ ಬಗ್ಗು."

ಈ ಮಾತಿಗೆ ನೀವು ನಕ್ಕಿರಬಹುದು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ನನಗೂ ನಗು ಬಂತು. ನಕ್ಕೆ, ಆದರೆ ಹೊರಗೆ ಬಂದು ಬೇಡವೆನ್ನಲಿಲ್ಲ. ಅತ್ತೆಯ ಮನಸ್ಸು ನೋಯುತ್ತದೆಂದೋ, ಒಂದು ಕೊಡ ನೀರಿನಿಂದ ಯಾರಿಗೇನು ನಷ್ಟ ಎಂದೋ? ನನಗೆ ಈಗಲೂ ನಿಶ್ಚಯವಾಗಿ ಗೊತ್ತಿಲ್ಲ. ಆದರೂ ನಮ್ಮ ಅತ್ತೆಯ ಮೇಲೆ ನನಗೆ ಒಂದು ಗೌರವ ಉಳಿದಿದೆ. ತಾನೇನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂದು ಆಕೆ ನೇರವಾಗಿ ಹೇಳಿದರು. ನಿಮ್ಮ ಹುಕುಂ ಹೇಳಲಿಲ್ಲ.

ಮರುದಿನ ಶಾಲೆಯ ಜಗುಲಿಯಲ್ಲಿ ಪೋಷಕರ ಸಭೆ ಸೇರಿತು. ನಾನೂ ಹೋದೆ. ಮಕ್ಕಳ ಕೈಯಲ್ಲಿ ಮಕ್ಕಳಿಗೆ ಹೊಡೆಸುವ ಈ ಪದ್ಧತಿಯನ್ನೇ ನಿಲ್ಲಿಸಿದರೆ ಎಲ್ಲರ ತೊಂದರೆಯೂ ತೀರುತ್ತದಲ್ಲ ಎಂದೆ. ಪಟೇಲ್ ಅಂಕಯ್ಯನವರು ತಾಳ್ಮೆಯಿಂದಲೇ ಉತ್ತರ ಕೊಟ್ಟರು.

"ಒಡ್ಸುದ್ದಕ್ ನಮ್ದೇನ್ ತಕರಾರಿಲ್ಲ ಕಣಮ್ಮ. ಮಕ್ಳು ಏಟ್ ತಿನ್ದೆ ಯಂಗ್ ಕಲ್ತವು? ಆದ್ರೆ ಮೂಗ್ ಇಡ್ಸುದ್ರಲ್ಲಾ! ಮೇಜಿನ್ ಮ್ಯಾಗೆ ರೂಲುದೊಣ್ಣೆ ಇರ್ಲಿಲ್ವಾ? ಅದ್ನ ಆ ಮಗೀನ್ ಕೈಗ್ ಕೊಟ್ಟಿದ್ರೆ ನಾನ್ಯಾಕ್ ಇಲ್ಲೀಗಂಟ ಬತ್ತಿದ್ದೆ?"

ಇಡೀ ಪ್ರಕರಣದಲ್ಲಿ ಇಷ್ಟು ಸತ್ಯವಾದ ಮಾತನ್ನು ಬೇರೆ ಯಾರೂ ಆಡಲಿಲ್ಲ, ಮಾನ್ಯರೇ. ಒಂದು ಮೊಳಕ್ಕಿಂತ ಗಿಡ್ಡವಾದ ಆ ಕೋಲೇ ಶಿಸ್ತಿಗೂ ಅಶಿಸ್ತಿಗೂ ನಡುವೆ ಇರುವ ಅಂತರ. ಅದು ಮೇಜಿನ ಮೇಲೆಯೇ ಉಳಿದದ್ದರಿಂದ ಒಂದು ಹುಡುಗಿಯ ಓದು ನಿಂತಿತು.

ಇನ್ನು ವಿಚಾರಣೆ. ಹೆಡ್‌ಮಾಸ್ತರರು ವರದಿ ಬರೆದರು, ನೀವು ಒಪ್ಪಿದಿರಿ. ನಜೀರ್ ಅಹ್ಮದ್ ಮೇಷ್ಟ್ರು ಜಾರಿಕೊಳ್ಳಲಿಲ್ಲ. ಹೊಡೆಯಲು ಹೇಳಿದವನು ನಾನೇ, ಅವಳು ಒಲ್ಲೆ ಎಂದಳು, ಗದರಿಸಿ ಕಳಿಸಿದೆ ಎಂದು ಎಲ್ಲರೆದುರಿಗೆ ಹೇಳಿದರು. ಅವರನ್ನು ಮುತ್ತತ್ತಿಯ ಕಡೆ ಕಾಡಂಚಿನ ಒಂದು ಪ್ರೈಮರಿ ಶಾಲೆಗೆ ವರ್ಗ ಮಾಡಲಾಯಿತು. ಹುಡುಗಿಯ ವಿಷಯದಲ್ಲಿ ನಿಮ್ಮ ಹುಕುಂ ಶಾಲೆಯ ಬೋರ್ಡಿನ ಮೇಲಿದೆ. ನಿಂತು ಓದಿ ಬಂದೆ. 'ಸಹಪಾಠಿಗಳ ಮೇಲೆ ಕೈಮಾಡಿ ಶಾಲೆಯ ಶಾಂತಿಗೆ ಭಂಗ ತಂದುದರಿಂದ' ಎಂದಿದೆ. ಅದರ ಕೆಳಗೆ, 'ಉಪಾಧ್ಯಾಯರು ಹೇಳಿದ ಮಾತ್ರಕ್ಕೆ ವಿದ್ಯಾರ್ಥಿನಿಯು ತನ್ನ ಸ್ವಂತ ವಿವೇಚನೆಯನ್ನು ಬಿಡತಕ್ಕದ್ದಲ್ಲ' ಎಂದಿದೆ. ಎಷ್ಟು ಉದಾತ್ತವಾದ ತತ್ತ್ವ! ನಮ್ಮ ಶಾಲೆಗಳಲ್ಲಿ ಮಕ್ಕಳು ಸ್ವಂತ ವಿವೇಚನೆಯಿಂದ ನಡೆಯಬೇಕೆಂದು ಇಲಾಖೆ ಬಯಸುತ್ತದೆ ಎಂದು ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ. ಹೋಗದಿದ್ದರೆ ಅವಿಧೇಯತೆ ಎಂದು ಪೆಟ್ಟು, ಹೋದರೆ ವಿವೇಚನೆ ಇಲ್ಲವೆಂದು ಬಹಿಷ್ಕಾರ. ಆ ಘಳಿಗೆಯಲ್ಲಿ ಅವಳು ಏನು ಮಾಡಿದ್ದರೆ ನಿಮಗೆ ಒಪ್ಪಿಗೆಯಾಗುತ್ತಿತ್ತು? ಇದು ವ್ಯಂಗ್ಯವಲ್ಲ. ನಾನು ನಿಜವಾಗಿಯೂ ಯೋಚಿಸಿ ನೋಡಿದೆ, ನನಗೆ ಒಂದೇ ಉತ್ತರ ಹೊಳೆಯಿತು. ಶಿಂಷಾ ಎಲ್ಲಿ ಹುಟ್ಟುತ್ತದೆಂದು ಅವಳಿಗೆ ಗೊತ್ತಿರಬಾರದಾಗಿತ್ತು.

ಇದು ನನಗಿಂತ ಮೊದಲು ಅವಳಿಗೇ ಹೊಳೆದಿದೆ. ಮೊನ್ನೆ ಅವಳ ಅಪ್ಪ ಚಿಕ್ಕಮಾದಯ್ಯನ ಜೊತೆ ನಮ್ಮ ಹಿತ್ತಿಲಿಗೆ ಬಂದಿದ್ದಳು. ಬಲಗೈ ಗೆಣ್ಣಿನ ಮೇಲೆ ಹಳೆಯ ಕಪ್ಪು ಗೆರೆಗಳಿವೆ, ರೂಲುದೊಣ್ಣೆಯವು. ಅವುಗಳಲ್ಲಿ ನನ್ನ ಮಗನದು ಯಾವುದು ಎಂದು ಕೇಳಲು ಬಾಯಿ ಬರಲಿಲ್ಲ. ಅವಳೇ ಬೇರೊಂದು ಮಾತು ಕೇಳಿದಳು.

"ಅವ್ವಾ, ಗೊತ್ತಿಲ್ಲ ಅಂದ್ಬುಟ್ಟಿದ್ರೆ ಚೆಂದಾಗಿತ್ತಾ?"

ಪಾಠ ಕಲಿಸುವುದು ನಿಮ್ಮ ಇಲಾಖೆಯ ಕೆಲಸ, ಆದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಾನು ಅವಳಿಗೆ "ಇಲ್ಲಮ್ಮ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನಾನು ನಂಬಿದ್ದೆನೇ?

ಚಿಕ್ಕಮಾದಯ್ಯ ಊರಿನ ತೋಟಿ. ಪಟೇಲರು ಕರೆದಾಗ ಓಡಬೇಕಾದವನು. ಮಗಳು ಪರೀಕ್ಷೆ ಪಾಸು ಮಾಡಿ, ಟ್ರೈನಿಂಗ್ ಮುಗಿಸಿ, ಯಾವುದಾದರೂ ಹಳ್ಳಿಯಲ್ಲಿ ಮೇಷ್ಟ್ರಮ್ಮ ಆಗುತ್ತಾಳೆ ಎಂದು ಕಂಡಕಂಡವರಲ್ಲಿ ಹೇಳಿಕೊಂಡಿದ್ದ. "ಇಂಗೇ ಯೋಳ್ಕೊಂಡ್ ತಿರುಗ್ಬಾರ್ದಾಗಿತ್ತು ಕಣವ್ವ" ಎಂದ. ಪತ್ರಿಕೆಗೆ ಬರೆಯುತ್ತೇನೆ, ಹೆಸರು ಹಾಕಬಹುದೇ ಎಂದು ಕೇಳಿದೆ.

"ಬರುದ್ರೆ ಏನಾರ ಆದದಾ?"

ಗೊತ್ತಿಲ್ಲ ಎಂದೆ.

"ಆಗ್ದಿದ್ರೂ ಬರೀರವ್ವ. ಬೋರ್ಡ್‌ ಮ್ಯಾಲೆ ಎಸ್ರು ಆಕವ್ರೆ, ಊರೆಲ್ಲ ಓದವ್ರೆ. ನಮ್ ಕೂಸು ತಪ್ ಮಾಡ್ನಿಲ್ಲ ಅಂತ್ಲೂವೆ ಎಲ್ಲಾರ ಒಂದ್ ಕಡೆ ಇರ್ಲಿ."

ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಪತ್ರ ನಿಮ್ಮ ಕಚೇರಿಯಲ್ಲಿ ಬೇಗ ಮೇಲಕ್ಕೆ ಹೋಗುತ್ತಿತ್ತೇನೋ. ಅವನಿಗೆ ಯಾರಾದರೂ ಓದಿಹೇಳಿದರೆ ತಿಳಿಯಬೇಕೆಂದು ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮದು ಹೊಸ ಜಿಲ್ಲೆ. ಮಂಡ್ಯ ಪ್ರತ್ಯೇಕವಾದಾಗ ಇನ್ನು ಮೇಲೆ ಸರ್ಕಾರ ಹತ್ತಿರವಾಯಿತು, ಅಹವಾಲು ಹೇಳಲು ಮೈಸೂರಿಗೆ ಹೋಗಬೇಕಾಗಿಲ್ಲ ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ನಿಜ, ನೀವು ಹತ್ತಿರವಾಗಿದ್ದೀರಿ. ವಿಚಾರಣೆಗೆ ಬಂದ ದಿನ ಪಟೇಲರ ಮನೆಯಲ್ಲಿ ಊಟ ಮಾಡಿದಿರಿ. ಹುಡುಗಿಯನ್ನು ಕರೆಸಿ ಒಂದು ಮಾತು ಕೇಳಲು ನಿಮಗೆ ಬಿಡುವಾಗಲಿಲ್ಲ. ಹುಕುಂನಲ್ಲಿ ಜಾತಿ ಎಂಬ ಪದ ಎಲ್ಲಿಯೂ ಬಾರದಂತೆ ನೋಡಿಕೊಂಡಿದ್ದೀರಿ. ಅದನ್ನು ಬರೆಯಲು ನಿಮಗೂ ನಾಚಿಕೆಯಾಯಿತು ಎಂದುಕೊಂಡು ಸಮಾಧಾನಪಡಲು ನೋಡುತ್ತೇನೆ.

ನನ್ನ ಮಗನ ವಿಷಯವನ್ನೂ ಹೇಳಬೇಕು. ಬೋರ್ಡು ನೋಡಿ ಬಂದವನೇ "ಹಂಗಾರೆ ನಾನೂ ಓಗಾಕಿಲ್ಲ" ಎಂದ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಅನುಭವಿಸಿ, ಮರುದಿನ ಬೆಳಿಗ್ಗೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದೆ. ಅವನಿಗೂ ಮಾರ್ಚಿಯಲ್ಲಿ ಪರೀಕ್ಷೆ. ಪಟೇಲರಿಗೂ ನಿಮಗೂ ಅತ್ತೆಗೂ ನಾನು ಕೇಳಿದ ಪ್ರಶ್ನೆಗಳೆಲ್ಲ ಆ ಬೆಳಿಗ್ಗೆ ನನ್ನ ಕಡೆಗೇ ತಿರುಗಿದವು. ಪದ್ಧತಿ ಶಾಲೆಯಲ್ಲಿ ಹಾಗೆಯೇ ನಡೆಯುತ್ತಿದೆ. ರೂಲುದೊಣ್ಣೆ ಮೇಜಿನ ಮೇಲೆಯೇ ಇದೆ, ಸದ್ಯಕ್ಕೆ ಅದರ ಅಗತ್ಯವಿಲ್ಲ.

ನನ್ನ ಬೇಡಿಕೆ ಚಿಕ್ಕದು. ಹುಕುಂ ಹಿಂದಕ್ಕೆ ಪಡೆದು ಚಿಕ್ಕನಂಜಮ್ಮನನ್ನು ಪರೀಕ್ಷೆಗೆ ಕೂರಿಸಿ. ಕೋಣೆಯೊಳಗೆ ಬೇಡವೆಂದರೆ ಜಗುಲಿಯಲ್ಲಿ ಕೂರಿಸಿ, ಜಗುಲಿಯೂ ಹೆಚ್ಚಾಯಿತೆಂದರೆ ಮರದ ಕೆಳಗೆ ಕೂರಿಸಿ. ಇಷ್ಟು ಕೆಳಗಿಳಿದು ಕೇಳಬಾರದೆಂದು ನನಗೆ ಗೊತ್ತಿದೆ, ಆದರೂ ಕೇಳುತ್ತಿದ್ದೇನೆ. ಅದೂ ಸಾಧ್ಯವಿಲ್ಲವಾದರೆ ಅದೇ ಹುಕುಂನಲ್ಲಿ ನನ್ನ ಮಗನ ಹೆಸರನ್ನೂ ಸೇರಿಸಿ. ಸಹಪಾಠಿಯ ಮೇಲೆ ಅವನೂ ಕೈಮಾಡಿದ್ದಾನೆ, ಗುರುತು ಅವಳ ಗೆಣ್ಣಿನ ಮೇಲಿದೆ.

ಈ ಪತ್ರವನ್ನು ಇಂದೇ ಅಂಚೆಗೆ ಹಾಕಬಹುದಿತ್ತು. ಹಾಕದಿರುವುದು ಚಿಕ್ಕಮಾದಯ್ಯ ಕೇಳಿಕೊಂಡದ್ದರಿಂದ. ಆತಗೂರಿನ ಕಡೆಯಿಂದ ಭಾನುವಾರ ಗಂಡಿನವರು ನಂಜಮ್ಮನನ್ನು ನೋಡಲು ಬರುತ್ತಾರಂತೆ. ಶಾಲೆಯಿಂದ ತಳ್ಳಿಸಿಕೊಂಡ ಹುಡುಗಿ ಎಂಬ ಸುದ್ದಿ ಅವರವರೆಗೆ ಇನ್ನೂ ಹೋಗಿಲ್ಲ. "ಅವ್ರು ಬಂದು ವೀಳ್ಯ ಆಗೋಗ್ಲಿ ಕಣವ್ವ, ಆಮ್ಯಾಕ್ ಆಕ್ಬುಡಿ" ಎಂದ. ಅವರು ಒಪ್ಪಿದರೆ ನನ್ನ ಬೇಡಿಕೆ ನಿಮ್ಮ ಮೇಜು ತಲುಪುವ ಮೊದಲೇ ಮುಗಿದುಹೋಗಿರುತ್ತದೆ. ಒಪ್ಪದಿದ್ದರೆ ಪರೀಕ್ಷೆ ಕಳೆದ ಮೇಲೆ ನಿಮ್ಮ ಉತ್ತರ ಬರುತ್ತದೆ. ನಾನು ಮಾತ್ರ ಅವನಿಗೆ ಕೊಟ್ಟ ಮಾತಿನಂತೆ ಸೋಮವಾರದವರೆಗೆ ಕಾಯುತ್ತೇನೆ.

ಇಂತಿ,
ಮೂಗಿಗೆ ಏನೂ ಆಗದ ಒಬ್ಬ ಹುಡುಗನ ತಾಯಿ

ಅಂಚೆಗೆ ಹಾಕುವುದು: ಸೋಮವಾರ, ೧೭ ಫೆಬ್ರವರಿ ೧೯೪೧