ಎಂಬತ್ತೇಳರ ಎದೆಗೆ ಹೊಲಿಗೆ

ಕತ್ತರಿ ಕಲಾ ಪ್ರವೀಣರೂ ನನ್ನ ತೀರ್ಥರೂಪರೂ ಆದ ಟೈಲರ್ ಅಪ್ಪನವರಿಗೆ,

ತೀವ್ರ ನಿಗಾ ಘಟಕದ ಹೊರಗಿನ ಕಬ್ಬಿಣದ ಕುರ್ಚಿಯಿಂದ ನಿಮ್ಮ ಮಗನ ವಿಜ್ಞಾಪನೆ. ನಿಮಗೆ ಬೈಪಾಸ್ ಆಗಿ ಎರಡು ದಿನವಾಯಿತು. ಗಂಟಲಲ್ಲಿ ಇನ್ನೂ ಉಸಿರಾಟದ ನಳಿಗೆ ಇದೆ. ವಯಸ್ಸಾದವರು ಚೇತರಿಸಿಕೊಳ್ಳುವುದು ನಿಧಾನ, ಕಾಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಐವತ್ತೆಂಟು ವರ್ಷಗಳ ಬಾಳಿನಲ್ಲಿ ನಾನು ಮಾತಾಡಿ ನೀವು ಸುಮ್ಮನಿರುವುದು ಇದೇ ಮೊದಲು. ಇಂಥ ಸುವರ್ಣಾವಕಾಶ ಬಿಟ್ಟರೆ ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಆದ್ದರಿಂದ ಒಂದು ತಪ್ಪೊಪ್ಪಿಗೆ.

ಆಪರೇಷನ್ನಿಗೆ ಮೂರು ದಿನ ಮೊದಲು ಸರ್ಜನ್ ನನ್ನನ್ನು ಕಾರಿಡಾರಿಗೆ ಕರೆದರು. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ; ಮಾತ್ರೆಯಲ್ಲೇ ದಿನ ತಳ್ಳಿದರೆ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎದೆ ಹಿಡಿಯುವುದು ತಪ್ಪದು; ಕೊಯ್ದರೆ, ಈ ವಯಸ್ಸಿಗೆ, ಹತ್ತು ಜನರಲ್ಲಿ ಒಬ್ಬರು ಉಳಿಯದೆ ಹೋಗಬಹುದು ಎಂದರು. ನಾನು ಹಿಂದೆಮುಂದೆ ನೋಡದೆ, "ಬೇಡ ಡಾಕ್ಟ್ರೇ. ಎಂಬತ್ತೇಳು ಆಯ್ತು. ಇನ್ನೇನು ಅವರನ್ನ ಕುಯ್ಯೋದು?" ಎಂದೆ. ಶರ್ಟಿನ ಗುಂಡಿಯ ಬಣ್ಣಕ್ಕೂ ನಿಮ್ಮ ಒಪ್ಪಿಗೆ ಪಡೆಯುವ ಮನೆ ನಮ್ಮದು. ಎದೆ ಕೊಯ್ಯುವ ವಿಷಯಕ್ಕೆ ಮಾತ್ರ ನಿಮ್ಮನ್ನು ಕೇಳಲಿಲ್ಲ.

"ಎದೆ ಅವರದು, ಅವರನ್ನೇ ಕೇಳೋಣ" ಎಂದು ಸರ್ಜನ್ ಸೀದಾ ನಿಮ್ಮ ಮಂಚದ ಬಳಿಗೆ ಬಂದುಬಿಟ್ಟರು. ಕಾಲಿನ ನಾಳ ತೆಗೆದು ಹೃದಯಕ್ಕೆ ಜೋಡಿಸುತ್ತೇವೆ ಎಂದು ಅವರು ಚಿತ್ರ ಬರೆದು ವಿವರಿಸಿದರೆ, ನಿಮಗೆ ಸಹೋದ್ಯೋಗಿ ಸಿಕ್ಕಷ್ಟು ಖುಷಿ. "ಇದು ನಮ್ಮ ಕೆಲಸಾನೇ ಅಲ್ವಾ! ಶರ್ಟಿನ ಕೆಳಗಡೆ, ಪ್ಯಾಂಟೊಳಗೆ ಹೋಗೋ ಬಟ್ಟೆ ಕತ್ತರಿಸಿ ಹರಿದ ಕಾಲರಿಗೆ ಹಾಕ್ತೀವಿ. ಆದ್ರೆ ಮೊದಲು ಬಟ್ಟೆ ಎಳೆದು ನೋಡಿದ್ರಾ? ಹೊಲಿಗೆ ತಡೀದೆ ಪಿಸಿಯೋ ಹಾಗಿದ್ರೆ ನಾನಂತೂ ಆಗಲ್ಲ ಅಂತ ಗಿರಾಕಿ ಮುಖದ ಮೇಲೇ ಹೇಳ್ತಿದ್ದೆ."

ಸರ್ಜನ್ ಎಳೆದೇ ನೋಡಿದರು. ನಿಮ್ಮ ಮುಷ್ಟಿಯ ಬಿಗಿ ಅಳೆದರು, ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ನಡೆಸಿ ಗಡಿಯಾರ ನೋಡಿದರು. ಅರವತ್ತು ವರ್ಷ ಕತ್ತರಿ ಹಿಡಿದ ಕೈ. ಅಳೆಯುವ ಯಂತ್ರಕ್ಕೇ ನೋವಾಗಿರಬೇಕು. "ಬಟ್ಟೆ ಗಟ್ಟಿಯಿದೆ, ಯಜಮಾನ್ರೇ" ಎಂದರು.

"ಹಾಗಾದ್ರೆ ಕುಯ್ಯಿರಿ. ಗೂಟದಲ್ಲಿ ನೇತಾಡ್ಕೊಂಡಿರೋಕೆ ನಾನೇನು ಗಿರಾಕಿ ಬಿಟ್ಟುಹೋದ ಕೋಟಾ?" ಎಂದಿರಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ನನ್ನತ್ತ ಕೈ ತೋರಿಸಿ, "ನನ್ನ ಮಗನೂ ಹೂಂ ಅಂದಿರ್ತಾನೆ. ಹೆದರೋ ಪೈಕಿ ಅಲ್ಲ ಅವನು" ಎಂದಿರಿ. ಸರ್ಜನ್ ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ.

ಅಪ್ಪಾ, ನಾನು ಹೂಂ ಅಂದಿರಲಿಲ್ಲ. ನಿಮ್ಮ ವಯಸ್ಸನ್ನು ಮುಂದೆ ಮಾಡಿ ನಾನು ಹಿಂದೆ ಅಡಗಿದ್ದೆ. ಏನಾದರೂ ಆಗಿಬಿಟ್ಟರೆ ಒಪ್ಪಿದವನು ನೀನೇ ಎಂದು ಉಳಿದ ಬಾಳೆಲ್ಲ ನನಗೆ ನಾನೇ ಹೇಳಿಕೊಳ್ಳಬೇಕಲ್ಲ, ಆ ಹೆದರಿಕೆ. ಕನಿಷ್ಠ ಅದನ್ನಾದರೂ ನಿಮಗೆ ಹೇಳದೆ ಇರಲಾರೆ. ನಿಮಗೆ ಎಚ್ಚರವಾಗದಿದ್ದರೆ...

ಇಷ್ಟು ಬರೆದಿದ್ದೆ. ನರ್ಸಮ್ಮ ಬಾಗಿಲು ತೆರೆದು, "ನಳಿಗೆ ತೆಗೆದ್ವಿ. ಗಂಟಲು ಕಟ್ಟಿದೆ, ಆದ್ರೂ ಬೈಯೋದು ನಿಲ್ಲಿಸಿಲ್ಲ. ಮಗ ಎಲ್ಲಿ ಅಂತಿದ್ದಾರೆ, ಬನ್ನಿ" ಎಂದರು. ಕನ್ನಡಕ ಒರೆಸಿಕೊಳ್ಳಲು ಒಂದು ನಿಮಿಷ ಕೇಳಿಕೊಂಡು ಈ ಕೊನೆಯ ನಾಲ್ಕು ಸಾಲು ಬರೆಯುತ್ತಿದ್ದೇನೆ. ಕಾಗದ ಜೇಬಿನಲ್ಲೇ ಇರಲಿ. ಎದುರು ನಿಂತು ಬಾಯಿಬಿಟ್ಟೇ ಹೇಳುತ್ತೇನೆ.

ಹಿರಿಯರನ್ನು ಹರಸುವ ಅಧಿಕಾರ ಕಿರಿಯನಿಗಿಲ್ಲ. ಆದರೂ ಬೈಯುವಷ್ಟು ಉಸಿರು ನಿಮಗೆ ಎಂದೆಂದಿಗೂ ಇರಲಿ.

ಬೈಗುಳಕ್ಕೆ ಸಿದ್ಧನಾಗಿ ಒಳಗೆ ಬರುತ್ತಿರುವ,
ನಿಮ್ಮ ಮಗ